ಹೇಳುವವರೆಗೂ ಇಳಿಯುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಸರ್ಕಾರಿ ಹೆರಿಗೆ ಆಸ್ಪತ್ರೆಯ ಸ್ಕ್ಯಾನ್ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಒಂದು ಲೀಟರ್ ನೀರು ಕುಡಿದು ಬನ್ನಿ, ಮೂತ್ರಕ್ಕೆ ಹೋಗಬೇಡಿ. ನಾನು ಓದಿದ್ದೆ. ಕುಡಿದೂ ಇದ್ದೆ. ಎರಡು ಗುಟುಕು.

ನಗಬೇಡಿ. ಹನ್ನೊಂದು ವರ್ಷದಿಂದ ನಾನು ಬಸ್ ಕಂಡಕ್ಟರ್. ಬೆಳಗಿನ ಐದೂಮುಕ್ಕಾಲಿಗೆ ಬ್ಯಾಗು ಹೆಗಲಿಗೆ ಹಾಕಿ ಮೊದಲ ವಿಷಲ್ ಊದಿದರೆ, ಮಧ್ಯಾಹ್ನ ಡಿಪೋಗೆ ಮರಳುವ ತನಕ ಹೆಂಗಸೊಬ್ಬಳು ಒಂದಕ್ಕೆ ಹೋಗಬಹುದಾದ ಜಾಗ ಆ ದಾರಿಯಲ್ಲಿ ಎಲ್ಲೂ ಇಲ್ಲ. ಡ್ರೈವರ್ ಮಹಾಶಯ ಕೊನೆಯ ಸ್ಟಾಪಿನಲ್ಲಿ ಇಳಿದು ಯಾವುದಾದರೊಂದು ಗೋಡೆಯ ಕಡೆ ಮುಖ ಮಾಡುತ್ತಾನೆ. ನಾನೆಲ್ಲಿಗೆ ಹೋಗಲಿ? ಹಾಗಾಗಿ ಕುಡಿಯುವುದನ್ನೇ ಬಿಟ್ಟೆ. ನಮ್ಮ ಡಿಪೋದ ಹೆಂಗಸರೆಲ್ಲ ಇದೇ ರೀತಿ. ಬ್ಯಾಗಿನಲ್ಲಿ ಬಾಟಲಿ ಇರುತ್ತದೆ, ಮುಚ್ಚಳ ತೆಗೆಯುವುದಿಲ್ಲ. ಬೆಳಗ್ಗೆ ಬೆಳಗ್ಗೆಯೇ ಎರಡು ಗುಟುಕು ಎಂದರೆ ನನ್ನ ಮಟ್ಟಿಗೆ ಕೆರೆ ಕುಡಿದಷ್ಟಾಯಿತು.

ಆದರೆ ಆ ದಿನ ತಪ್ಪು ಮಾಡುವ ದಿನವಾಗಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಸಿರಾಗಿದ್ದೆ. ಹತ್ತನೇ ವಾರ. ಭಾನುವಾರ ಬೆಳಗ್ಗೆ ರಕ್ತ ಕಾಣಿಸಿತು. ಸೋಮವಾರ ಮತ್ತೆ ಕಾಣಿಸಿತು. ಮಂಗಳವಾರ ನಿಂತಿತು, ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಹೇಳುವವರಿಲ್ಲ. ಅಂದೇ ಓಡಿಹೋಗಿ ತೋರಿಸಿದರೆ ದೊಡ್ಡ ಡಾಕ್ಟರು ಚೀಟಿ ಬರೆದುಕೊಟ್ಟು, "ಎದೆಬಡಿತ ಇದೆಯಾ ನೋಡೋಣ. ನಾಳೆ ಸ್ಕ್ಯಾನ್ ಮಾಡಿಸಿ. ಮುಂದಿನ ಮಂಗಳವಾರ ರಿಪೋರ್ಟ್ ತಗೊಂಡು ಬನ್ನಿ" ಎಂದರು. ಅವರು ಕೂರುವುದು ವಾರಕ್ಕೊಂದೇ ದಿನ. ಮೊದಲ ಸ್ಕ್ಯಾನು ಮಾಡುವುದೂ ವಾರಕ್ಕೊಂದೇ ದಿನ, ಬುಧವಾರ. ಅಂದರೆ ಬುಧವಾರ ಯಂತ್ರ ಕಂಡದ್ದನ್ನು ನಾನು ಕೇಳಿ ತಿಳಿಯಬೇಕಾದರೆ ಆರು ದಿನ ಕಾಯಬೇಕು.

ಏಕೆಂದರೆ ಬಾಗಿಲಿನ ಮೇಲಿದ್ದ ಕಾಗದದಲ್ಲಿ ಎರಡನೇ ಸಾಲೂ ಇತ್ತು: ಫಲಿತಾಂಶವನ್ನು ಇಲ್ಲಿ ಹೇಳಲಾಗುವುದಿಲ್ಲ, ಕೇಳಬಾರದು. ಅದನ್ನು ಓದುತ್ತಿದ್ದ ಹಾಗೇ ನನ್ನ ಪಿತ್ತ ನೆತ್ತಿಗೇರಿತು. ಕೇಳಬಾರದಂತೆ! ನನ್ನ ಹೊಟ್ಟೆ, ನನ್ನ ರಕ್ತ, ಕೇಳುವವಳು ನಾನಲ್ಲವಂತೆ.

"ಮುಖ ಸ್ವಲ್ಪ ಸರಿ ಮಾಡ್ಕೊ. ಟಿಕೆಟ್ ಇಲ್ದೋರನ್ನ ಹಿಡಿದ ಹಾಗೆ ನೋಡ್ತಾ ಇದೀಯ" ಎಂದರು ಅತ್ತೆ.

ನನ್ನ ಅತ್ತೆಯದು ಇಸ್ತ್ರಿ ಅಂಗಡಿ. ಮೂವತ್ತು ವರ್ಷದಿಂದ ಒಂದೇ ಮೂಲೆಯಲ್ಲಿ ನಿಂತು ಊರವರ ಬಟ್ಟೆಯ ಸುಕ್ಕು ತೆಗೆದವರು. ಅವರ ಕಣ್ಣಿಗೆ ಮನುಷ್ಯರಿಗಿಂತ ಮೊದಲು ಮಡಿಕೆ ಕಾಣುತ್ತದೆ. ಆ ದಿನ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದಿದ್ದರು. ಬೇಡವೆಂದರೂ ಕೇಳಲಿಲ್ಲ. ಗಂಡ ಡಿಪೋದಲ್ಲಿ ಮೆಕ್ಯಾನಿಕ್, ಅವನಿಗೆ ರಜೆ ಸಿಕ್ಕಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡುತ್ತಿದ್ದ. ನಾನು ಎತ್ತುತ್ತಿರಲಿಲ್ಲ. ಏನು ಹೇಳಲಿ? ಕೊನೆಗೆ ಅತ್ತೆಯೇ ಕಿತ್ತುಕೊಂಡು, "ಇನ್ನೂ ಏನಿಲ್ಲ ಕಣೋ, ಇಡು ಫೋನು, ಬಸ್ಸು ರಿಪೇರಿ ಮಾಡು" ಎಂದು ಗದರಿ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸ್ಕ್ಯಾನ್ ಕೋಣೆಯ ಮುಂದೆ ಉದ್ದದ ಪಡಸಾಲೆ. ಎರಡು ಕಡೆಯೂ ಕಬ್ಬಿಣದ ಬೆಂಚು. ತಲೆ ಒರಗುವ ಎತ್ತರದಲ್ಲಿ ಗೋಡೆಯ ಹಸಿರು ಬಣ್ಣ ಎಣ್ಣೆ ಹಿಡಿದು ಕಪ್ಪಾಗಿತ್ತು. ಎಷ್ಟು ಹೆಂಗಸರು ಕಾದಿದ್ದಾರೆಂದು ಗೋಡೆಯೇ ಹೇಳುತ್ತಿತ್ತು. ಒಂದು ತುದಿಯಲ್ಲಿ ಕುಡಿಯುವ ನೀರಿನ ಡ್ರಮ್ಮು. ಬೆಂಚಿನ ನೇರ ಎದುರಿಗೆ, ಯಾವ ಪುಣ್ಯಾತ್ಮ ನಕ್ಷೆ ಹಾಕಿದನೋ, ಹೆಂಗಸರ ಶೌಚಾಲಯ. ಒಳಗೆ ನಲ್ಲಿ ಸೋರುತ್ತಿತ್ತು. ನಲವತ್ತೆರಡು ಜನ ಬಸುರಿಯರು ಲೀಟರುಗಟ್ಟಲೆ ನೀರು ಕುಡಿದು, ಕಾಲಿಗೆ ಕಾಲು ಹೆಣೆದು, ಆ ತೊಟತೊಟ ಸದ್ದು ಕೇಳುತ್ತ ಕೂತಿದ್ದರು.

ಬಾಗಿಲಲ್ಲಿ ನಿಂತು ನಂಬರ್ ಕೂಗುತ್ತಿದ್ದ ಆಯಾಗೆ ಅತ್ತೆ ಆಗಲೇ 'ಬಾಗಿಲಮ್ಮ' ಎಂದು ಹೆಸರಿಟ್ಟಾಗಿತ್ತು. ಬಾಗಿಲಮ್ಮನ ಕಾನೂನು ಎರಡೇ. ನೀರು ಕುಡಿಯದೆ ಬಂದವರು ಸಾಲಿನ ಕೊನೆಗೆ. ತಡೆಯಲಾರದೆ ಒಂದಕ್ಕೆ ಹೋಗಿಬಂದವರೂ ಸಾಲಿನ ಕೊನೆಗೆ. ಒಂದು ಗಂಟೆಗೆ ಕೋಣೆ ಬಂದ್. ಆಮೇಲೆ ಉಳಿದವರಿಗೆ ಮುಂದಿನ ಬುಧವಾರ.

ನನ್ನ ನಂಬರ್ ಹತ್ತೊಂಬತ್ತು. ಹತ್ತೂಮುಕ್ಕಾಲಿಗೆ ಕರೆದರು. ಒಳಗೆ ಹೋಗಿ ಮಲಗಿದೆ. ಸ್ಕ್ಯಾನ್ ಮಾಡುವ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಣ್ಣ ಕೆಳಗೆ ಕಪ್ಪು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸುರಿದು, ಅದರ ಮೇಲೆ ಯಂತ್ರದ ಹಿಡಿಯನ್ನು ಆಡಿಸಿದರು. ಟಿ.ವಿ.ಯಂಥ ತೆರೆ ಅವರ ಕಡೆಗಿತ್ತು. ನನಗೆ ಕಂಡದ್ದು ಅದರ ಬೆನ್ನು, ಬೆನ್ನಿನ ತುಂಬ ವೈರು.

"ಖಾಲಿ ಇದೆಯಲ್ಲಮ್ಮ, ಏನೂ ಕಾಣ್ತಿಲ್ಲ" ಎಂದರು.

ತಟ್ಟನೆ ತಲೆ ಎತ್ತಿದೆ. "ಏನು ಖಾಲಿ?"

"ಮೂತ್ರಕೋಶ. ಎಷ್ಟು ನೀರು ಕುಡಿದ್ರಿ?"

ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ, ಅಂಟು ಒರೆಸಿಕೊಳ್ಳಲು ಕಾಗದ ಕೊಟ್ಟರು. ಬೈಯುವ ಕೆಲಸವನ್ನು ಬಾಗಿಲಮ್ಮ ನೋಡಿಕೊಂಡರು. "ಓದೋಕೆ ಬರಲ್ವಾ? ಅಷ್ಟು ದೊಡ್ಡದಾಗಿ ಬರೆದು ಹಾಕಿಲ್ವಾ? ಹೋಗಮ್ಮ, ಕೊನೆಗೆ ಹೋಗು."

ಹನ್ನೊಂದು ವರ್ಷ ಇನ್ನೊಬ್ಬರಿಗೆ 'ಹಿಂದಕ್ಕೆ ಹೋಗಿ, ಹಿಂದಕ್ಕೆ ಹೋಗಿ' ಎಂದು ಕೂಗಿದವಳು ನಾನು. ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಹೋದೆ.

ಕೊನೆಯ ಬೆಂಚು ತಪ್ಪಿತಸ್ಥರದ್ದು. ಆಗಲೇ ಒಬ್ಬಳು ಕೂತಿದ್ದಳು. ಇಪ್ಪತ್ತು ದಾಟಿರದ ಹುಡುಗಿ, ಚಪ್ಪಲಿ ಅಂಗಡಿಯಲ್ಲಿ ಕೆಲಸ, ಒಬ್ಬಳೇ ಬಂದಿದ್ದಳು. ಅವಳದು ಹದಿನಾಲ್ಕನೇ ನಂಬರ್. ಹನ್ನೆರಡನೆಯವರು ಒಳಗೆ ಹೋದಾಗ ಇನ್ನು ತಡೆಯಲಾಗದೆ ಎದುರಿನ ಬಾಗಿಲಿಗೆ ಓಡಿದ್ದಳಂತೆ.

"ಆ ಆಯಮ್ಮ ಸ್ವಲ್ಪ ಮಾತ್ರ ಹೋಗಿ ಬಾ ಅಂದ್ರು ಅಕ್ಕ" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. "ಸ್ವಲ್ಪ ಮಾತ್ರ ಹೋಗೋಕೆ ಆಗತ್ತಾ?"

"ಅದೇನು ನಲ್ಲಿನಾ, ಬೇಕಾದಷ್ಟು ಬಿಟ್ಟು ತಿರುಗಿಸೋಕೆ?" ಎಂದರು ಅತ್ತೆ. "ಅಳಬೇಡ. ಅತ್ರೆ ಇರೋ ನೀರೂ ಹೋಗತ್ತೆ."

ಹುಡುಗಿ ಕಿಸಕ್ಕನೆ ನಕ್ಕಳು. "ನೀವು ಕೂತ್ಕೊಳ್ಳಿ ಅಜ್ಜಿ" ಎಂದು ಜಾಗ ಬಿಟ್ಟಳು.

"ಅಜ್ಜಿ ಅನ್ಬೇಡ" ಎಂದರು ಅತ್ತೆ. ದನಿ ಅಷ್ಟು ಬಿರುಸಾಗಿ ಬಂದದ್ದಕ್ಕೆ ಅವರಿಗೇ ಗಾಬರಿಯಾಯಿತು. ಆಮೇಲೆ ಮೆಲ್ಲಗೆ, "ಅಜ್ಜಿ ಆಗ್ತೀನೋ ಇಲ್ವೋ ಅಂತ ತಿಳ್ಕೊಳ್ಳೋಕೇ ಬಂದು ಕೂತಿರೋದು" ಎಂದು ಸೇರಿಸಿದರು.

ನಾನು ಎದ್ದು ಡ್ರಮ್ಮಿನ ಹತ್ತಿರ ಹೋದೆ.

ಲೋಟದ ಮೇಲೆ ಲೋಟ ಕುಡಿದೆ. ಆರು ಲೋಟ. ಗಂಟಲು ಬೇಡ ಬೇಡ ಎನ್ನುತ್ತಿತ್ತು, ಕಣ್ಣು ಮುಚ್ಚಿ ಇಳಿಸಿದೆ. ಹುಡುಗಿಯೂ ನನ್ನ ಪಕ್ಕ ನಿಂತು ಕುಡಿದಳು. ಕುಡಿದವರು ಬಂದು ತಪ್ಪಿತಸ್ಥರ ಬೆಂಚಿನಲ್ಲಿ ಕೂತೆವು. ಅಷ್ಟರಲ್ಲಿ ಇನ್ನೂ ಐದು ಜನ ಬಂದು ಸೇರಿದರು, ಎಲ್ಲ ಒಂದಕ್ಕೆ ಹೋಗಿ ಸರದಿ ಕಳೆದುಕೊಂಡವರು. ಒಟ್ಟು ಏಳು.

ಆಗ ಸಾಲನ್ನು ಸರಿಯಾಗಿ ನೋಡಿದೆ. ನೋಡಿದರೆ ಮೈಯೆಲ್ಲ ಉರಿಯಿತು.

ಬಾಗಿಲಮ್ಮ ಒಬ್ಬರೇ. ನಂಬರ್ ಕೂಗುವುದೂ ಅವರೇ, ವಾರ್ಡಿಗೆ ಫೈಲು ಒಯ್ಯುವುದೂ ಅವರೇ, ಹಾಸಿಗೆಯ ಹೊದಿಕೆ ತರುವುದೂ ಅವರೇ. ಅವರು ಆ ಕಡೆ ಹೋದರೆ ಈ ಕಡೆ ಯಾರೂ ಒಳಗೆ ಹೋಗುವಂತಿಲ್ಲ. ಬಂದು ಕೂಗಿದ ಮೇಲೆ, ದೂರದ ಬೆಂಚಿನಲ್ಲಿದ್ದ ಹೆಂಗಸು ಬೆನ್ನು ಹಿಡಿದುಕೊಂಡು ಎದ್ದು, ಚೀಲ ಯಾರ ಕೈಗೋ ಕೊಟ್ಟು, ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಚೀಟಿ ಹುಡುಕಿ, ಬಟ್ಟೆ ಸಡಿಲಿಸಿ ಮಲಗುವ ಹೊತ್ತಿಗೆ ಮೂರು ನಿಮಿಷ. ಡಾಕ್ಟರಿಗೆ ನೋಡಲು ಬೇಕಾದದ್ದೂ ಮೂರೇ ನಿಮಿಷ. ಬಾಗಿಲು ಹಾಕುವ ಒಂದು ಗಂಟೆಯೊಳಗೆ ನಲವತ್ತೆರಡನೇ ನಂಬರ್ ಮುಟ್ಟುವುದೇ ಕಷ್ಟವಿತ್ತು, ನಮ್ಮ ಏಳು ಜನರ ಮಾತು ಹಾಗಿರಲಿ.

ಬಸ್ಸಿನಲ್ಲಿ ಹೀಗೆ ಮಾಡಿದರೆ ಒಂದು ಟ್ರಿಪ್ಪೂ ಮುಗಿಯುವುದಿಲ್ಲ. ಸ್ಟಾಪ್ ಬಂದ ಮೇಲೆ ಏಳುವವನಿಗೆ ಕಾಯುತ್ತ ನಿಂತರೆ ಆಯಿತು ಕಥೆ. ಮುಂದಿನ ಸ್ಟಾಪಿನವರು ಈಗಲೇ ಬಾಗಿಲ ಹತ್ತಿರ ಬಂದಿರಬೇಕು, ಅದು ಬಸ್ಸಿನ ಮೊದಲ ಪಾಠ.

ಬಾಗಿಲಮ್ಮ ಫೈಲಿನ ಕಟ್ಟು ಎತ್ತಿಕೊಂಡು ವಾರ್ಡಿನ ಕಡೆ ತಿರುಗಿದ್ದೇ ತಡ, ನಾನು ಎದ್ದೆ.

"ಎಲ್ಲಿಗೇ?" ಎಂದರು ಅತ್ತೆ.

"ಡ್ಯೂಟಿಗೆ."

ಬಾಗಿಲಿಗೆ ಹೋಗಿ ನಿಂತು ಗಂಟಲು ತೆರೆದೆ. ಕೊನೆಯ ಸೀಟಿನಲ್ಲಿ ನಿದ್ದೆ ಹೊಡೆಯುವವನನ್ನು ಎಬ್ಬಿಸುವ ಗಂಟಲು ಅದು. "ಇಪ್ಪತ್ಮೂರು ಒಳಗೆ ಹೋಗಿ. ಇಪ್ಪತ್ನಾಲ್ಕು, ಇಪ್ಪತ್ತೈದು, ಚಪ್ಪಲಿ ಬಿಟ್ಟು, ಚೀಟಿ ಕೈಯಲ್ಲಿ ಹಿಡ್ಕೊಂಡು, ಒಳಗಿರೋ ಪರದೆ ಈಚೆ ಬೆಂಚಲ್ಲಿ ಕೂತ್ಕೊಳ್ಳಿ. ಇಪ್ಪತ್ತಾರು, ಇಲ್ಲಿ ನನ್ನ ಪಕ್ಕ ಬನ್ನಿ. ಚೀಲ ಎಲ್ಲ ಆ ಇಸ್ತ್ರಿಯಮ್ಮನ ಹತ್ರ ಇಡಿ, ಅವರು ಒಂದು ದಾರಾನೂ ಕಳೆಯಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎದ್ದರು. ಜನ ಏಳುವುದಕ್ಕೆ ಬೇಕಾದದ್ದು ಅಷ್ಟೇ, ಯಾರಾದರೊಬ್ಬರು ಸಂಶಯವಿಲ್ಲದೆ ಕೂಗಬೇಕು.

ಪರದೆಯ ಈಚೆ ಇಬ್ಬರು, ಆಚೆ ಹಾಸಿಗೆಯ ಮೇಲೆ ಒಬ್ಬರು. ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಿದರು. ಸಾಲು ಜಾರತೊಡಗಿತು. ಇನ್ನೂ ಒಂದು ಕಾನೂನನ್ನು ನಾನೇ ಮಾಡಿಬಿಟ್ಟೆ. ಮೂವತ್ತನೇ ನಂಬರಿನ ಹೆಂಗಸು ಹಲ್ಲು ಕಚ್ಚಿಕೊಂಡು ಎದುರಿನ ಬಾಗಿಲನ್ನೇ ನೋಡುತ್ತಿದ್ದಳು. "ತಡೆಯೋಕೆ ಆಗಲ್ಲ ಅನ್ನೋರು ನನಗೆ ಹೇಳಿ, ಅವರು ಮೊದಲು ಒಳಗೆ ಹೋಗ್ಲಿ. ತಡೆಯೋ ಶಕ್ತಿ ಇರೋರು ಒಬ್ಬರ ಹಿಂದೆ ಸರೀರಿ. ಯಾರ ನಂಬರೂ ಕಳೆದುಹೋಗಲ್ಲ, ಎಲ್ಲರ ಮುಖ ನಂಗೆ ಗೊತ್ತು" ಎಂದೆ. ಗೊತ್ತಿತ್ತು ಕೂಡ. ಯಾರು ಯಾವ ಸ್ಟಾಪಿನಲ್ಲಿ ಹತ್ತಿದರೆಂದು ಅರವತ್ತು ಮುಖ ನೆನಪಿಟ್ಟುಕೊಳ್ಳುವವಳಿಗೆ ಇಪ್ಪತ್ತು ಬಸುರಿಯರು ಯಾವ ದೊಡ್ಡ ವಿಷಯ.

ಬಾಗಿಲಮ್ಮ ಬಂದು ನೋಡಿದರು. ಸೊಂಟದ ಮೇಲೆ ಕೈಯಿಟ್ಟರು. "ಯಾರಮ್ಮ ನಿನ್ನ ಇಲ್ಲಿ ಡ್ಯೂಟಿಗೆ ಹಾಕಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಡಾಕ್ಟರ ದನಿ ಬಂತು. "ಈಗ ಹೆಂಗೆ ಕಳಿಸ್ತಿದ್ದೀರೋ ಹಾಗೇ ಕಳಿಸ್ತಾ ಇರಿ ಆಯಮ್ಮ, ಚೆನ್ನಾಗಿದೆ."

ಬಾಗಿಲಮ್ಮ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. ಬೆಳಗ್ಗಿನಿಂದ ಅವರು ಕೂತದ್ದು ಅದೇ ಮೊದಲೆಂದು ಕಾಣುತ್ತದೆ. ಕೂತ ಮೇಲೆ ಕಾಲು ನೀವಿಕೊಂಡರು.

ಕೋಣೆಯಿಂದ ಹೊರಬರುವವರ ಮುಖ ಮಾತ್ರ ನನಗೆ ನೋಡಲಾಗುತ್ತಿರಲಿಲ್ಲ. ಪ್ರತಿಯೊಬ್ಬಳ ಕೈಯಲ್ಲೂ ಪಿನ್ನು ಹೊಡೆದ ಕಂದು ಲಕೋಟೆ. "ಏನಂದ್ರು?" ಎಂದರೆ, "ಏನೂ ಅನ್ನಲಿಲ್ಲ." ಯಾವ ಪ್ರಶ್ನೆ ಹೊತ್ತು ಒಳಗೆ ಹೋಗಿದ್ದಳೋ ಅದನ್ನೇ ಹೊತ್ತು ಹೊರಗೆ ಬರುತ್ತಿದ್ದಳು. ಒಬ್ಬ ಹೆಂಗಸಂತೂ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, ಸುಮ್ಮನೆ ಸೆರಗಿನೊಳಗೆ ಇಟ್ಟುಕೊಂಡು ಹೋದಳು.

ಹನ್ನೆರಡೂ ಇಪ್ಪತ್ತಕ್ಕೆ ನಲವತ್ತೆರಡನೇ ನಂಬರ್ ಮುಗಿಯಿತು. ಇನ್ನು ತಪ್ಪಿತಸ್ಥರ ಬೆಂಚು. ಹುಡುಗಿಯನ್ನೇ ಮೊದಲು ಕರೆದೆ. "ಇಲ್ಲ ಅಕ್ಕ, ಸರದಿ ಕಟ್ಟಿರೋದು ನೀವು, ಮೊದಲು ನೀವು" ಎಂದಳು ಅವಳು. ಅವಳ ಪಕ್ಕದವರಿಗೆ ಹೇಳಿದೆ, "ನೀವು ಹೋಗಿ." ಅವರು ಹೋಗಿ ಬಂದರು. ಅವರ ಪಕ್ಕದವರಿಗೂ ಹೇಳಿದೆ, "ನೀವು ಹೋಗಿ, ನಂದೇನು ಅವಸರ ಇಲ್ಲ." ಅವರೂ ಹೋಗಿ ಬಂದರು. ನನ್ನ ಹೊಟ್ಟೆಯೋ ಬಿರಿಯುತ್ತಿತ್ತು. ಆರು ಲೋಟ ನೀರು ಅಲ್ಲಿ ಒದೆಯುತ್ತಿತ್ತು. ಮೂರನೆಯವರಿಗೆ ಕೈ ತೋರಿಸಲು ಹೋದಾಗ ಅತ್ತೆ ಬಂದು ಆ ಕೈಯನ್ನೇ ಹಿಡಿದರು. ಇಸ್ತ್ರಿ ಪೆಟ್ಟಿಗೆ ಹಿಡಿದು ಹಿಡಿದು ಗಟ್ಟಿಯಾದ ಅಂಗೈ ಅವರದು.

"ಕಂಡಕ್ಟ್ರಮ್ಮ, ಎಷ್ಟು ಜನರನ್ನ ಹತ್ತಿಸ್ತೀಯ ನೀನು? ಹೆದರಿಕೆನಾ?"

"ಹೂಂ" ಎಂದೆ.

ಅಷ್ಟು ಹೊತ್ತು ಊರಿಗೆ ಕೇಳುವಂತೆ ಕೂಗಿದ ಗಂಟಲಿನಿಂದ ಅಷ್ಟೇ ಹೊರಟದ್ದು. ಹೌದು, ಹೆದರಿಕೆ. ಬಾಗಿಲಲ್ಲಿ ನಿಂತಿರುವ ತನಕ ಮಗು ಹೊಟ್ಟೆಯಲ್ಲಿದೆ. ಒಳಗೆ ಹೋಗಿ ಮಲಗಿದರೆ ಇದೆಯೋ ಇಲ್ಲವೋ. ಒಂಬತ್ತು ವರ್ಷ ಯಾರ್ಯಾರು ಏನೇನು ಕೇಳಿದರೂ ನಕ್ಕು ಜಾಡಿಸಿದವಳು ನಾನು. ಈ ಒಂದು ಪ್ರಶ್ನೆಗೆ ಬಾಗಿಲು ಬಿಟ್ಟು ಕದಲಲಾಗುತ್ತಿರಲಿಲ್ಲ.

"ನಂಗೂ ಹೆದರಿಕೆನೇ ಕಣೇ" ಎಂದರು ಅತ್ತೆ. "ಬೆಳಗ್ಗಿಂದ ಕೈ ತಣ್ಣಗಾಗಿದೆ, ನೋಡು ಬೇಕಾದ್ರೆ. ಹೆದರಿಕೆ ಹೋಗ್ಲಿ ಅಂತ ಕಾಯ್ತಾ ಕೂತ್ರೆ ಇವರು ಬಾಗಿಲು ಹಾಕ್ತಾರೆ. ಹೆದರ್ಕೊಂಡೇ ಹೋಗು."

ಚಪ್ಪಲಿ ಬಿಟ್ಟು ಒಳಗೆ ಹೋದೆ. ನನ್ನ ಹಿಂದೆ ಪರದೆಯ ಬೆಂಚಿಗೆ ಹುಡುಗಿ ಬಂದು ಕೂತಳು, ಅವಳ ಪಕ್ಕ ಇನ್ನೊಬ್ಬರು. ಹೊರಗೆ ಇನ್ನಿಬ್ಬರು ಉಳಿದಿದ್ದರು. ಎಲ್ಲರ ಹೊಟ್ಟೆಯೂ ತುಂಬಿತ್ತು.

ಡಾಕ್ಟರು ಮತ್ತೆ ಅಂಟು ಸುರಿದರು. ಹಿಡಿಯನ್ನು ಒತ್ತಿದರು. ಆ ಒತ್ತಿಗೆ ಜೀವ ಬಾಯಿಗೆ ಬಂತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ತೆರೆಯ ಬೆಳಕು ಅವರ ಕನ್ನಡಕದ ಮೇಲೆ ಬಿದ್ದಿತ್ತು, ಕಣ್ಣು ಕಾಣುತ್ತಿರಲಿಲ್ಲ. ಎಡಕ್ಕೆ ಒತ್ತಿದರು. ಬಲಕ್ಕೆ ಒತ್ತಿದರು. ಏನೋ ಟೈಪ್ ಮಾಡಿದರು. ಮತ್ತೆ ಒತ್ತಿದರು. ಆಮೇಲೆ ಕಾಗದ ಚಾಚಿ, "ಒರೆಸ್ಕೊಳ್ಳಿ. ಆಯ್ತು, ಇಳೀರಿ. ಮುಂದಿನವರು" ಎಂದರು.

"ಏನು ಕಾಣಿಸ್ತು ಮೇಡಂ?"

"ಮಂಗಳವಾರ ನಿಮ್ಮ ಡಾಕ್ಟರು ಹೇಳ್ತಾರೆ. ಇಳೀರಮ್ಮ."

ಹನ್ನೊಂದು ವರ್ಷ ನಾನು ಎಷ್ಟು ಸಾವಿರ ಸಲ ಹೇಳಿರಬೇಕು ಆ ಮಾತನ್ನು. ಇಳೀರಿ, ಇಳೀರಿ, ಬೇಗ ಇಳೀರಿ. ಒಬ್ಬರಾದರೂ ತಿರುಗಿ ನನ್ನ ಮುಖ ನೋಡಿ 'ಇಳಿಯಲ್ಲ' ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

"ಇಳಿಯಲ್ಲ" ಎಂದೆ.

ಡಾಕ್ಟರು ಕತ್ತೆತ್ತಿದರು. "ಏನು?"

"ಹೇಳೋವರೆಗೂ ಇಳಿಯಲ್ಲ. ಭಾನುವಾರ ರಕ್ತ ಕಂಡಾಗಿನಿಂದ ನಾನು ಮಲಗಿಲ್ಲ. ಇನ್ನೂ ಆರು ದಿನ ಯಾವ ಮುಖ ಇಟ್ಕೊಂಡು ಬಸ್ಸಲ್ಲಿ ನಿಂತ್ಕೊಳ್ಳಲಿ ನಾನು? ಗಂಡೋ ಹೆಣ್ಣೋ ಅಂತ ಕೇಳ್ತಿಲ್ಲ ಮೇಡಂ. ಇದೆಯೋ ಇಲ್ವೋ ಅಂತ ಕೇಳ್ತಿದ್ದೀನಿ."

"ಅದನ್ನ ಹೇಳೋದು ನನ್ನ ಕೆಲಸ ಅಲ್ಲ. ನಾನು ಬರೆದು ಕೊಡಬೇಕು ಅಷ್ಟೇ. ಹೇಳಿದ್ದು ಹೆಚ್ಚುಕಡಿಮೆ ಆದ್ರೆ ಉತ್ತರ ಕೊಡಬೇಕಾದವಳು ನಾನು."

"ಬರೆದದ್ದು ಹೆಚ್ಚುಕಡಿಮೆ ಆದ್ರೂ ನೀವೇ ತಾನೇ ಉತ್ತರ ಕೊಡೋದು? ಕಣ್ಣಿಗೆ ಕಂಡದ್ದನ್ನ ಹೇಳಿ. ಇಲ್ಲ ಅನ್ನೋ ಹಾಗಿದ್ರೆ ಇಲ್ಲ ಅನ್ನಿ. ಅಳ್ತೀನಿ, ಇಳೀತೀನಿ, ಹೋಗ್ತೀನಿ. ಲಕೋಟೆ ಕೊಟ್ಟು ಕಳಿಸ್ಬೇಡಿ."

ಬಾಗಿಲಮ್ಮ ಒಳಗೆ ಬಂದರು. ಬಂದವರೇ ನನ್ನ ತೋಳು ಹಿಡಿದರು. "ಏನಮ್ಮ ನಿಂದು ರಂಪ? ಇಷ್ಟು ಹೊತ್ತು ಎಲ್ಲರನ್ನೂ ಬೇಗ ಬೇಗ ಅಂತ ಓಡಿಸ್ದೆ. ಈಗ ನಿನ್ನ ಹಿಂದೆ ಇನ್ನೂ ನಾಲ್ಕು ಜನ ಹಿಡ್ಕೊಂಡು ಕೂತಿದ್ದಾರಲ್ಲ, ಕರುಣೆ ಬೇಡ್ವಾ? ಆ ಹುಡುಗಿ ಮುಖ ನೋಡು, ಬಿಳಿಚ್ಕೊಂಡಿದೆ."

ತುಂಬಿದ ಹೊಟ್ಟೆ ಏನೆಂದು ನನಗೂ ತಿಳಿದಿತ್ತು. ಆ ಹುಡುಗಿ ಒಮ್ಮೆ ಸರದಿ ಕಳೆದುಕೊಂಡು, ಅತ್ತು, ಮತ್ತೆ ಕುಡಿದು ಕೂತವಳು. ನನ್ನಿಂದಾಗಿ ಇನ್ನೊಮ್ಮೆ ಕಳೆದುಕೊಂಡರೆ? ಎದ್ದು ಕೂತೆ. ಒಂದು ಕಾಲು ನೆಲಕ್ಕಿಟ್ಟೆ. ಸಿಮೆಂಟು ತಣ್ಣಗಿತ್ತು.

ಪರದೆಯ ಆಚೆಯಿಂದ ಸಣ್ಣ ದನಿ ಬಂತು.

"ಇಳೀಬೇಡಿ ಅಕ್ಕ."

ಇನ್ನೊಂದು ಕಾಲನ್ನು ಇಳಿಸಲಿಲ್ಲ.

"ಇಳೀಬೇಡಿ. ನಾನು ಹಿಡ್ಕೋತೀನಿ."

ಅವಳ ಪಕ್ಕದವರು, "ನಾನೂ ಹಿಡ್ಕೋತೀನಿ, ಕೇಳಿ ನೀವು" ಎಂದರು. ಹೊರಗಿನ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಇನ್ಯಾರೋ, "ನಮ್ಮದೂ ಕೇಳಿಬಿಡಿ ಅತ್ಲಾಗೆ" ಎಂದು ಕೂಗಿದರು.

ನಾನು ನೆಲಕ್ಕಿಟ್ಟ ಕಾಲನ್ನು ಎತ್ತಿ ಮತ್ತೆ ಹಾಸಿಗೆಯ ಮೇಲಿಟ್ಟೆ. ಮಲಗಿದೆ. ಬಟ್ಟೆ ಸರಿಸಿ ಹೊಟ್ಟೆ ತೆರೆದೆ. ಕೈಯನ್ನು ಎರಡು ಕಡೆ ಕಬ್ಬಿಣಕ್ಕೆ ಹಿಡಿದುಕೊಂಡೆ. ಎಳೆದು ಇಳಿಸಲಿ ನೋಡೋಣ, ಯಾರು ಇಳಿಸುತ್ತಾರೋ.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಗಡಿಯಾರ ನೋಡಿದರು. ಪರದೆಯ ಕಡೆ ನೋಡಿದರು. ಆಮೇಲೆ ಎದ್ದು ನಿಂತು ತೆರೆಯ ಎರಡೂ ಬದಿ ಹಿಡಿದು ನನ್ನ ಕಡೆಗೆ ತಿರುಗಿಸಿದರು. ತಿರುಗಲಿಲ್ಲ. ತಂದ ದಿನದಿಂದ ಯಾರೂ ಅದನ್ನು ಈ ಕಡೆ ತಿರುಗಿಸಿಯೇ ಇರಲಿಲ್ಲವೇನೋ. "ಹಿಡೀರಿ ಆಯಮ್ಮ ಒಂಚೂರು" ಎಂದರು. ಬಾಗಿಲಮ್ಮ ಗೊಣಗುತ್ತಲೇ ನನ್ನ ತೋಳು ಬಿಟ್ಟು ಹೋಗಿ ಹಿಡಿದರು. ಕಿರ್ ಎಂದು ಸದ್ದು ಮಾಡುತ್ತ ತೆರೆ ನನ್ನ ಕಡೆ ಬಂತು.

ಕಪ್ಪು. ಕಪ್ಪಿನ ಮೇಲೆ ಬೂದಿ ಬಣ್ಣ ಅಲುಗುತ್ತಿತ್ತು. ನನಗೆ ತಲೆ ಬುಡ ತಿಳಿಯಲಿಲ್ಲ. ಡಾಕ್ಟರು ಹಿಡಿಯನ್ನು ಒಂದು ಕಡೆ ಒತ್ತಿ ನಿಲ್ಲಿಸಿ, ಇನ್ನೊಂದು ಕೈಯ ಕಿರುಬೆರಳಿನಿಂದ ತೋರಿಸಿದರು.

"ಇಲ್ಲಿ ನೋಡಿ. ಅಲ್ಲಲ್ಲ, ಇಲ್ಲಿ. ಮಿಣುಕ್ ಮಿಣುಕ್ ಅಂತಿದೆಯಲ್ಲ?"

ಇತ್ತು. ತಿರುವಿನಲ್ಲಿ ಬಸ್ಸಿಗೆ ಹಾಕುವ ಇಂಡಿಕೇಟರ್ ದೀಪದ ಹಾಗೆ, ಆದರೆ ಅದಕ್ಕಿಂತ ಅವಸರದಲ್ಲಿ, ಯಾವುದೋ ಒಂದು ಚುಕ್ಕೆ ಹೊತ್ತಿ ಆರುತ್ತಿತ್ತು. ಹೊತ್ತುತ್ತಲೇ ಇತ್ತು.

"ಅದೇ ಎದೆಬಡಿತ" ಎಂದರು ಡಾಕ್ಟರು. "ಚೆನ್ನಾಗಿ ಬಡೀತಿದೆ. ರಕ್ತ ಯಾಕೆ ಬಂತು ಅಂತ ಮಂಗಳವಾರ ಅವರೇ ಹೇಳ್ಬೇಕು, ನಾನು ಹೇಳೋಕಾಗಲ್ಲ. ಇದು ಮಾತ್ರ ಇದೆ."

ಅಳು ಬಂತು. ಅತ್ತರೆ ಇರುವ ನೀರೂ ಹೋಗುತ್ತದೆ ಎಂದಿದ್ದ ಅತ್ತೆಯ ಮಾತು ನೆನಪಾಗಿ ಅದರ ನಡುವೆಯೇ ನಗುವೂ ಬಂತು. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು. ಸಂತೋಷ ಎಂದರೆ ಸಂತೋಷ, ಅದಕ್ಕೆ ಬೇರೆ ಹೆಸರಿಲ್ಲ. "ಥ್ಯಾಂಕ್ಸ್ ಮೇಡಂ" ಎಂದೆ. "ಇಳೀತೀನಿ."

ಇಳಿದೆ.

ಒಂದೇ ನೆಗೆತಕ್ಕೆ ಎದುರಿನ ಬಾಗಿಲಿಗೆ ಓಡಬೇಕಿತ್ತು. ಆದರೆ ಪರದೆ ಸರಿಸಿದರೆ ಹುಡುಗಿ ಬೆಂಚಿನಲ್ಲಿ ಹಣೆಯ ತುಂಬ ಬೆವರಿಟ್ಟುಕೊಂಡು, ಎರಡು ಮುಷ್ಟಿಯನ್ನೂ ತೊಡೆಗೆ ಒತ್ತಿ ಹಿಡಿದು ಕೂತಿದ್ದಳು. ಏಳುವಾಗ ನನ್ನ ಬೆರಳು ಹಿಡಿದುಕೊಂಡಳು. "ಅಕ್ಕ, ನೀವು ಹೋಗ್ಬೇಡಿ. ನಂಗೆ ನಿಮ್ಮ ಹಾಗೆ ಮಾತಾಡೋಕೆ ಬರಲ್ಲ" ಎಂದಳು.

ನಿಂತೆ. ನನಗಾಗಿ ಹಿಡಿದುಕೊಂಡವಳಿಗೆ ನಾನು ಹಿಡಿದುಕೊಳ್ಳದಿದ್ದರೆ ಹೇಗೆ? ಕಾಲಿಗೆ ಕಾಲು ಹೆಣೆದು, ಪರದೆಯ ಕಂಬ ಹಿಡಿದು ನಿಂತೆ. ಹನ್ನೊಂದು ವರ್ಷದ ಅನುಭವವೆಲ್ಲ ಆ ಐದು ನಿಮಿಷಕ್ಕೆ ಖರ್ಚಾಯಿತು.

ಅವಳನ್ನು ಮಲಗಿಸಿ ನೋಡಿದರು. ಅಂಟು ಒರೆಸಲು ಕಾಗದ ಕೊಟ್ಟರು. ಡಾಕ್ಟರು ಅಭ್ಯಾಸದ ಮೇಲೆ, "ಆಯ್ತು, ಇಳೀ..." ಎಂದರು.

"ಹೇಳಿದ್ರೆ ಇಳೀತೀನಿ" ಎಂದಳು ಹುಡುಗಿ. ಪಿಸುಮಾತಿಗಿಂತ ಸ್ವಲ್ಪ ದೊಡ್ಡ ದನಿ. ಅಷ್ಟು ಸಾಕಾಗಿತ್ತು. ತೆರೆ ಇನ್ನೂ ನಮ್ಮ ಕಡೆಗೇ ತಿರುಗಿತ್ತು. ಡಾಕ್ಟರು ಕಿರುಬೆರಳು ಚಾಚಿದರು.

ಬಾಗಿಲಮ್ಮ ನನ್ನ ಪಕ್ಕ ಬಂದು ನಿಂತು, "ನೋಡಿದ್ಯಾ, ಏನು ಮಾಡಿಟ್ಟೆ ಅಂತ? ಇನ್ನು ಬುಧವಾರ ಬುಧವಾರ ಎಲ್ಲರಿಗೂ ಇದೇ ಚಾಳಿ ಹತ್ತುತ್ತೆ" ಎಂದರು.

"ಹತ್ತಲಿ" ಎಂದೆ. ಎಂದವಳೇ ಬಾಗಿಲು ತಳ್ಳಿಕೊಂಡು ಓಡಿದೆ.

ಪಡಸಾಲೆ ಬಹುತೇಕ ಖಾಲಿಯಾಗಿತ್ತು. ಶೌಚಾಲಯದ ಬಾಗಿಲಿಗೆ ಅಡ್ಡವಾಗಿ, ಕೈಯಲ್ಲಿ ಫೋನು ಹಿಡಿದು ಅತ್ತೆ ನಿಂತಿದ್ದರು. ನನ್ನ ಕೆಂಪು ಕಣ್ಣು ನೋಡಿ ಅವರ ಮುಖದ ಬಣ್ಣವೇ ಹೋಯಿತು. "ಏನೇ? ಇಷ್ಟು ಹೊತ್ತು ಒಳಗೇನು ಮಾಡ್ತಿದ್ದೆ? ಏನಂದ್ರೇ?"

ನಿಂತು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ದಾರಿ ಬಿಡಿ ಅಜ್ಜೀ!" ಎಂದು ಕೂಗಿದೆ.

ಅತ್ತೆ ದಾರಿ ಬಿಡಲಿಲ್ಲ. ಫೋನನ್ನು ಕೆಳಗೆ ಬಿಟ್ಟು, ಎರಡೂ ಕೈಯಿಂದ ನನ್ನನ್ನು ಬಾಚಿ ತಬ್ಬಿಕೊಂಡು, ನನ್ನ ಹೆಗಲಿಗೆ ಮುಖವಿಟ್ಟು ನಿಂತುಬಿಟ್ಟರು. ನೆಲದ ಮೇಲೆ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಇನ್ನೊಂದು ನಿಮಿಷ ಹಿಡಿದುಕೊಂಡೆ.